ನವಾಬನ ಉಪವಾಸ

ಬದುಕು ತಲೆಕೆಳಗಾಗಲು ಒಂದು ಗಳಿಗೆ ಸಾಕು. ಅದಕ್ಕೆ ಮುಂಚಿತವಾಗಿ ನೋಟಿಸು ಬರುವುದಿಲ್ಲ, ಕಾಲಾವಕಾಶ ಸಿಗುವುದಿಲ್ಲ, ಮೇಲ್ಮನವಿಗೆ ಜಾಗವೂ ಇರುವುದಿಲ್ಲ. ಅರಸನಿಗಾಗಲಿ ಆಳಿಗಾಗಲಿ ಈ ನಿಯಮದಿಂದ ವಿನಾಯಿತಿ ಇಲ್ಲ. ನಮ್ಮ ಮನೆಯಲ್ಲಿ ತಲೆಕೆಳಗಾದದ್ದು ಮೀನು.

ಸಂಕ್ರಾಂತಿಗೆ ಇನ್ನೂ ಎರಡು ವಾರವಿತ್ತು. ಸೋಮವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಎಂದಿನಂತೆ ಗಾಜಿನ ಬಟ್ಟಲಿನ ಮುಂದೆ ಕುಳಿತೆ. ನಾನು ಕುರ್ಚಿ ಎಳೆದ ಸದ್ದಿಗೇ ಗಾಜಿಗೆ ಮೂತಿ ಒತ್ತಿ ನಿಲ್ಲುವುದು ಅವನ ಪದ್ಧತಿ. ಅಂದು ಬರಲಿಲ್ಲ. ಹೊಟ್ಟೆಯನ್ನು ಮೇಲೆ ಮಾಡಿಕೊಂಡು, ಬೆಂಡಿನ ಹಾಗೆ ತೇಲುತ್ತಿದ್ದ.

ಕಾಫಿ ಕೆಳಗಿಟ್ಟೆ.

ಕಿವಿರು ಆಡುತ್ತಿತ್ತು. ಬೆರಳಿನಿಂದ ಮೆಲ್ಲಗೆ ತಳ್ಳಿದೆ. ಗಾಬರಿಯಿಂದ ಹೊರಳಿ ನೆಟ್ಟಗಾದ, ಬಾಲ ಬಡಿದು ಬಡಿದು ತಳದವರೆಗೆ ಹೋದ, ಬಡಿಯುವುದನ್ನು ನಿಲ್ಲಿಸಿದ ಕೂಡಲೇ ಮೇಲಕ್ಕೆದ್ದು ಬಂದು ಮತ್ತೆ ಅಂಗಾತವಾದ. ಮೂರು ಸಲ ಹೀಗಾಯಿತು. ನಾಲ್ಕನೆಯ ಸಲ ತಳ್ಳಲು ನನಗೆ ಧೈರ್ಯ ಬರಲಿಲ್ಲ. ಅವನು ಅಂಗಾತ ಮಲಗಿಯೇ ನನ್ನನ್ನು ನೋಡುತ್ತಿದ್ದ. ಮೀನಿಗೆ ರೆಪ್ಪೆಯಿಲ್ಲ, ನೋಡದೆ ಬೇರೆ ದಾರಿಯಿಲ್ಲ.

ನಾನು ಮಳವಳ್ಳಿಯಲ್ಲಿ ಪತ್ರ ಬರಹಗಾರ. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಮಳಿಗೆಯಲ್ಲಿ ಕೂತು ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆಯುವುದು ಕಸುಬು. ಅಣ್ಣತಮ್ಮಂದಿರು ಒಂದೇ ಸ್ಕೂಟರಿನಲ್ಲಿ ಬಂದು ಬೇರೆ ಬೇರೆ ಬಸ್ಸಿನಲ್ಲಿ ಹಿಂದಿರುಗುವುದನ್ನು ಮೂವತ್ತು ವರ್ಷದಿಂದ ನೋಡುತ್ತ ಬಂದಿದ್ದೇನೆ. ನನಗೆ ಮದುವೆಯಾಗಿಲ್ಲ. ಅದಕ್ಕೆ ಕಾರಣಗಳಿವೆ, ಅವು ಈ ಬರಹದ ವ್ಯಾಪ್ತಿಗೆ ಬರುವುದಿಲ್ಲ.

ಕಸುಬಿನ ಚಟದಿಂದ ಮೀನಿನ ಚಕ್ಕುಬಂದಿಯನ್ನೂ ಇಲ್ಲೇ ದಾಖಲಿಸುತ್ತೇನೆ. ಪೂರ್ವಕ್ಕೆ ಕಿಟಕಿ, ಪಶ್ಚಿಮಕ್ಕೆ ನನ್ನ ಮಂಚ, ಉತ್ತರಕ್ಕೆ ಗ್ಯಾಸ್ ಒಲೆ, ದಕ್ಷಿಣಕ್ಕೆ ನಾನು. ಈ ಮಧ್ಯೆ ಇರುವ ಗುಂಡು ಬಟ್ಟಲಿನಲ್ಲಿ ಕಿತ್ತಳೆ ಬಣ್ಣದ, ನಿಂಬೆಹಣ್ಣಿನ ಗಾತ್ರದ, ಸೆರಗಿನಂಥ ಬಾಲದ ಗೋಲ್ಡ್ ಫಿಶ್ ಒಂದು. ಹೆಸರು ನವಾಬ. ಹೆಸರಿಟ್ಟವನು ನಾನಲ್ಲ.

ಇಟ್ಟವರು ಗೌಸ್ ಸಾಬರು. ನಾನು ಬರೆದದ್ದನ್ನು ಟೈಪು ಮಾಡುವುದು ಅವರ ಕೆಲಸ. ಇಪ್ಪತ್ತೆಂಟು ವರ್ಷ ನಮ್ಮಿಬ್ಬರ ಮೇಜುಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಮಧ್ಯಾಹ್ನ ಒಂದೂವರೆಗೆ ಅವರು ಮೆಷಿನ್ನಿಗೆ ಮುಸುಕು ಹಾಕಿ, "ಗೌಡ್ರೇ, ಎತ್ತಿ ಡಬ್ಬಿ" ಎನ್ನುತ್ತಿದ್ದರು. ನನ್ನ ಹಿಟ್ಟು, ಬಸ್ಸಾರು ಅವರಿಗೆ. ಅವರ ಮನೆಯ ಕುಸ್ಕಾ, ಚಪಾತಿ ನನಗೆ. ಹಿಟ್ಟನ್ನು ನಾವು ಮುದ್ದೆ ಎಂದು ಕರೆಯುವುದು ಹೊರಗಿನವರಿಗೆ ತಿಳಿಯಲಿ ಎಂದು ಮಾತ್ರ. ಸಾಬರು ಅದನ್ನು ನನಗಿಂತ ಚೆನ್ನಾಗಿ ನುಂಗುತ್ತಿದ್ದರು. "ಅಗೀಬಾರ್ದು ಗೌಡ್ರೇ, ಅಗ್ದೋನು ಮಂಡ್ಯ ಜಿಲ್ಲೆಯೋನೇ ಅಲ್ಲ" ಎಂದು ನನಗೇ ಪಾಠ ಹೇಳುತ್ತಿದ್ದರು. ಒಬ್ಬರು ಬಾರದೆ ಇನ್ನೊಬ್ಬರು ಡಬ್ಬಿ ತೆಗೆದ ದಿನ ನನಗೆ ನೆನಪಿಲ್ಲ.

ಬಿ.ಪಿ. ಬಂದಾಗ ಡಾಕ್ಟರು ಅವರಿಗೆ, ದಿನಾ ಸ್ವಲ್ಪ ಹೊತ್ತು ನೆಮ್ಮದಿ ಕೊಡುವ ಯಾವುದನ್ನಾದರೂ ನೋಡುತ್ತ ಕೂರಿ ಎಂದರಂತೆ. ನನ್ನ ಮುಖ ಆ ಪಟ್ಟಿಗೆ ಸೇರಲಿಲ್ಲವೆಂದು ಕಾಣುತ್ತದೆ. ಮಾರನೆಯ ದಿನವೇ ಮೇಜಿನ ಮೇಲೆ ಮೀನು ಬಂತು.

ಹೋದ ವರ್ಷ ಮಳೆಗಾಲದಲ್ಲಿ ಸಾಬರು ಹೋದರು. ಅವರ ಪತ್ನಿ ನೂರಮ್ಮ ಮಗಳ ಮನೆಗೆಂದು ಮದ್ದೂರಿಗೆ ಹೊರಡುವ ಮುಂಚೆ ಮಳಿಗೆಗೆ ಬಂದು, ಟೈಪ್‌ರೈಟರನ್ನು ಆಟೋಗೆ ಏರಿಸಿ, ಬಟ್ಟಲಿನ ಮುಂದೆ ಸ್ವಲ್ಪ ಹೊತ್ತು ನಿಂತರು. "ಇದ್ ನಿಮ್ಹತ್ರಾನೇ ಇರ್ಲಿ ಅಣ್ಣಾ. ನಿಮ್ಮಿಬ್ಬರದ್ದು ಇದು" ಎಂದರು. ಸಾಬರ ಮೇಜಿನ ಜಾಗಕ್ಕೆ ಕಂಪ್ಯೂಟರ್, ಪ್ರಿಂಟರ್ ಬಂದವು. ಮೀನು ನನ್ನ ಮನೆಗೆ ಬಂತು. ಅಂದಿನಿಂದ ಮಧ್ಯಾಹ್ನದ ಊಟಕ್ಕೆ ನಾನು ಮಳಿಗೆಯಲ್ಲಿ ಕೂರುವುದಿಲ್ಲ. ಮನೆಗೆ ಬರುತ್ತೇನೆ.

ಇಷ್ಟು ಪೂರ್ವಪೀಠಿಕೆ.

ಹಾಲು ತರುವ ಸ್ಟೀಲ್ ಕ್ಯಾನಿಗೆ ಬಟ್ಟಲಿನ ನೀರನ್ನೇ ಸುರಿದು, ಮೀನನ್ನು ಇಳಿಸಿ, ಪಶು ಆಸ್ಪತ್ರೆಗೆ ನಡೆದೆ. ಅಲ್ಲಿ ಬೆಂಚಿನ ಮೇಲೆ ಬಂಡೂರಿನ ಕಡೆಯ ಒಬ್ಬ ಮಧ್ಯವಯಸ್ಕ ರೈತ, ಕೆಳಗೆ ಅವನ ಟಗರು. ನನ್ನ ಕ್ಯಾನನ್ನು ನೋಡಿದ.

"ಏನ್ ಸಾಮಿ, ಹಸೀಗ್ ಕೆಚ್ಚಲ್ ಬಾವಾ? ಹಾಲ್ ತಂದಿದ್ದೀರಿ?"

"ಹಾಲಲ್ಲ. ಮೀನು."

ಅವನು ಬಗ್ಗಿ ನೋಡಿದ. ಟಗರೂ ಬಗ್ಗಿ ನೋಡಿತು.

"ಜಿಲೇಬಿ ಮೀನಾ?"

"ಗೋಲ್ಡ್ ಫಿಶ್. ಹುಷಾರಿಲ್ಲ."

"ನಮ್ ಅಟ್ಟೀಲಿ ಮೀನ್ಗೆ ಉಸಾರ್ ತಪ್ಪುದ್ರೆ ಮೆಣಸ್ನಕಾಯ್ ಅರೀತಾರೆ ಕಣ್ ಸಾಮಿ. ಡಾಕ್ಟ್ರತಾವ ಯಾರೂ ಬರಾಕಿಲ್ಲ."

ಬೆಂಚಿನ ತುದಿಯವರೆಗೂ ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಸಭೆಯ ಮರ್ಯಾದೆ. ನಗು ಇಳಿದ ಮೇಲೆ ಅವನೇ ಕೇಳಿದ:

"ಮೇವ್ ಬುಟ್ಟದಾ?"

"ಇಲ್ಲ. ಕೊಟ್ಟಷ್ಟೂ ತಿನ್ನುತ್ತದೆ."

"ಅಂಗಾರೆ ಬದುಕ್ತದೆ ಬುಡಿ. ಇದು ಮೂರ್ ದಿನ್ದಿಂದ ಒಂದ್ ಸೊಪ್ಪಿನ್ ಎಲೆ ಮುಟ್ಟಿಲ್ಲ." ಟಗರಿನ ಬೆನ್ನಿನ ಮೇಲೆ ಕೈಯಿಟ್ಟ. 

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕ್ಯಾನಿನೊಳಗೆ ಟಾರ್ಚ್ ಬಿಟ್ಟು ನೋಡಿದರು. ಮೊದಲೇ ಹೇಳಿಬಿಟ್ಟರು: "ಸಾರ್, ನನಗೆ ಗೊತ್ತಿರೋದು ಹಸು, ಎಮ್ಮೆ, ಕುರಿ. ಮೀನು ಓದಿದ್ದೀನಿ, ನೋಡಿಲ್ಲ. ಏನು ತಿನ್ನೋಕೆ ಹಾಕ್ತೀರಾ?"

"ಕಾಳಿನ ಥರದ ಆಹಾರ ಬರುತ್ತಲ್ಲ, ಅದು. ಬೆಳಿಗ್ಗೆ."

"ಆಮೇಲೆ?"

"ಮಧ್ಯಾಹ್ನ ಒಂಚೂರು ಹಿಟ್ಟು."

"ಯಾವ ಹಿಟ್ಟು?"

"ರಾಗಿ. ಮುದ್ದೆ."

ಟಾರ್ಚ್ ಆರಿತು. "ಮೀನಿಗೆ ಮುದ್ದೆ ಹಾಕ್ತೀರಾ ಸಾರ್?"

"ಸಾಸಿವೆ ಕಾಳಿನಷ್ಟು."

"ದಿನಕ್ಕೊಂದ್ಸಲನಾ?"

"ನಾನು ಉಣ್ಣುವಾಗಲೆಲ್ಲ." ಸತ್ಯ ಹೇಳುವುದಾದರೆ ಪೂರ್ತಿ ಹೇಳಬೇಕು: "ಮೊದಮೊದಲು ಸಾಸಿವೆಯಷ್ಟು. ಈಚೆಗೆ ಅವರೆ ಕಾಳಿನಷ್ಟು. ಅಗಿಯದೆ ನುಂಗುತ್ತದೆ ಮೇಡಂ."

ಕೊನೆಯ ಮಾತನ್ನು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ ಎಂದು ಈಗ ಅನ್ನಿಸುತ್ತದೆ.

ಅವರು ಬೈಯಲಿಲ್ಲ. ಈ ಜಾತಿಯ ಮೀನಿಗೆ ನಮ್ಮ ಹಾಗೆ ಜಠರವೇ ಇಲ್ಲ, ಬರೀ ಕರುಳು ಎಂದು ತಿಳಿಸಿದರು. ಕರುಳಿನ ಪಕ್ಕದಲ್ಲಿ ಗಾಳಿ ತುಂಬಿದ ಒಂದು ಚೀಲ, ಸ್ವಿಮ್ ಬ್ಲಾಡರ್. ಮೀನು ಮುಳುಗದೆ ತೇಲದೆ ನೀರಿನ ನಡುವೆ ನಿಲ್ಲುವುದು ಅದರ ಬಲದಿಂದ. ಹಿಟ್ಟು ಒಳಗೆ ಗಟ್ಟಿಯಾಗಿ ಕರುಳು ಉಬ್ಬಿ ಆ ಚೀಲವನ್ನು ಒತ್ತುತ್ತಿರಬೇಕು. ಚಳಿಗೆ ಅರಗುವುದೂ ನಿಧಾನ.

"ಔಷಧಿ?"

"ಮೊದಲನೇ ಔಷಧಿ ಉಪವಾಸ. ಪೂರ್ತಿ ಮೂರು ದಿನ, ನಿಲ್ ಬೈ ಮೌತ್, ಬಾಯಿಗೆ ಏನೂ ಹಾಕೋ ಹಾಗಿಲ್ಲ. ಆಮೇಲೇನು ಅಂತ ಮಂಡ್ಯದಲ್ಲಿ ಅಕ್ವೇರಿಯಂ ಅಂಗಡಿಯವರನ್ನ ಕೇಳಿ, ನನಗಿಂತ ಅವರಿಗೆ ಗೊತ್ತಿರುತ್ತೆ. ಎಷ್ಟೇ ಬಾಯಿ ಬಿಟ್ಟರೂ ಕೊಡಬೇಡಿ ಸಾರ್. ಕೊಟ್ಟರೆ ಉಳಿಯಲ್ಲ."

ಈ ಮಾತನ್ನು ನಾನು ಹಿಂದೆಯೂ ಕೇಳಿದ್ದೆ.

ಸಾಬರಿಗೆ ಕರುಳು ಕಟ್ಟಿಕೊಂಡಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಗ್ಯಾಸ್ ಪಾಸ್ ಆಗುವವರೆಗೆ ಬಾಯಿಗೆ ಒಂದು ಹನಿಯೂ ಇಲ್ಲ ಎಂದು ಮಂಚದ ತಲೆಯ ಬಳಿ ಚೀಟಿ ಅಂಟಿಸಿದ್ದರು. ಎರಡನೆಯ ದಿನ ಮಧ್ಯಾಹ್ನ, ನೋಡಲು ಬಿಡುವ ಹೊತ್ತಿನಲ್ಲಿ, ನಾನು ಹೋದೆ. ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಮೂಗಿನಲ್ಲಿ ನಳಿಕೆ ಇದ್ದುದರಿಂದ ಅವರಿಗೆ ಮಾತು ಹೊರಡಲಿಲ್ಲ. ನನ್ನ ಕೈಚೀಲದ ಕಡೆ ನೋಡಿದರು. ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದರು. ತುಟಿ ತೆರೆದರು, ಮುಚ್ಚಿದರು. ತೆರೆದರು, ಮುಚ್ಚಿದರು. ಶಬ್ದವಿಲ್ಲ.

ಚೀಲದಲ್ಲಿ ಡಬ್ಬಿ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ಉಣ್ಣೋಣವೆಂದು ಕಟ್ಟಿಕೊಂಡಿದ್ದೆ.

"ಡಾಕ್ಟ್ರು ಬೇಡ ಅಂದವ್ರೆ ಸಾಬ್ರೇ. ನಾಳೆ ಕೊಡ್ತಾರೆ," ಎಂದೆ.

ಆ ನಾಳೆಯ ಬೆಳಿಗ್ಗೆ ಅವರ ಹೃದಯ ನಿಂತಿತು. ಹೊಟ್ಟೆ ಸರಿಯಾಗಿತ್ತಂತೆ.

ಡಾಕ್ಟರ ತಪ್ಪಿಲ್ಲ. ನನ್ನ ತಪ್ಪೂ ಇಲ್ಲ. ಕಾಗದದ ಮೇಲೆ ಇಟ್ಟು ನೋಡಿದರೆ ಯಾವ ಕಲಮಿನಲ್ಲೂ ನನ್ನ ಹೆಸರು ಬರುವುದಿಲ್ಲ. ಆದರೆ ಅಂದಿನಿಂದ ನನ್ನ ಎದುರು ಯಾವ ಜೀವಿಯಾದರೂ ಬಾಯಿ ತೆರೆದು ಮುಚ್ಚಿದರೆ ನನ್ನ ಕೈ ತಟ್ಟೆಗೆ ಹೋಗುತ್ತದೆ. ಆ ಜೀವಿ ಮೀನಾಗಿದ್ದರೆ ಅದು ದಿನವಿಡೀ ಬೇರೇನನ್ನೂ ಮಾಡುವುದಿಲ್ಲ.

ಉಪವಾಸ ಆರಂಭವಾಯಿತು.

ಮೀನಿನ ಉಪವಾಸ ಸುಲಭ. ಕಷ್ಟ ಎದುರು ಕೂತು ಉಣ್ಣುವವನದು. ಅಂದು ಮಧ್ಯಾಹ್ನ ತಟ್ಟೆ ಇಟ್ಟುಕೊಂಡ ಸದ್ದಿಗೆ ಅವನು ಅಂಗಾತವಾಗಿಯೇ ಒದ್ದಾಡಿಕೊಂಡು ಗಾಜಿನ ಹತ್ತಿರ ಬಂದ. ತಲೆಕೆಳಗಾದ ಬಾಯಿ ತೆರೆಯಿತು, ಮುಚ್ಚಿತು. ನಾನು ತಟ್ಟೆ ಎತ್ತಿಕೊಂಡು ಹೊರಗೆ ಹೋಗಿ, ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ಕೂತು ಉಂಡೆ. ಅರುವತ್ತೆರಡು ವರ್ಷದಲ್ಲಿ ಹಿಟ್ಟನ್ನು ಅಗಿದದ್ದು ಅಂದೇ.

ಕೆಳಗಿನ ಮನೆಯ ಜಯಮ್ಮ, ಈ ಮಹಡಿಯ ಒಡತಿ, ಬೀದಿಯಿಂದ ತಲೆ ಎತ್ತಿ ನೋಡಿದರು. "ಯಾಕಣ್ಣಯ್ಯ, ಯಾರಾರ ಈಚಿಗ್ ಆಕುದ್ರಾ?"

"ಮೀನಿಗೆ ಪಥ್ಯ. ಅದಕ್ಕೆ."

"ಮೀನ್ಗೆ ಪತ್ಯ ಆದ್ರೆ ನೀವ್ಯಾಕ್ ಮೆಟ್ಲ್ ಮ್ಯಾಲೆ ಉಣ್ಬೇಕು?" ಉತ್ತರಕ್ಕೆ ಕಾಯದೆ ಒಳಗೆ ಹೋದರು. 

ಮಂಗಳವಾರ ಮಂಡ್ಯಕ್ಕೆ ಹೊರಟೆ. ಮೀನನ್ನು ಬಸ್ಸಿನಲ್ಲಿ ಕುಲುಕಿಸುವುದು ಬೇಡವೆಂದು ಅದರ ಸ್ಥಿತಿಯನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ. ಮದ್ದೂರಿನಲ್ಲಿ ಬಸ್ಸು ಬದಲಾಯಿಸಬೇಕು. ಬಿಸಿ ವಡೆಯ ಬುಟ್ಟಿ ಕಿಟಕಿಗೇ ಬಂತು. ಬೇಡವೆಂದೆ. ಮನೆಯಲ್ಲಿ ಒಬ್ಬ ಹಸಿದಿರುವಾಗ ಮದ್ದೂರಿನಲ್ಲಿ ವಡೆ ತಿನ್ನುವುದು ನನಗೆ ಸರಿಕಾಣಲಿಲ್ಲ. ನೂರಮ್ಮನವರ ಮಗಳ ಮನೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲೇ. ಪ್ರತಿ ಶುಕ್ರವಾರ ಅವರು ಫೋನು ಮಾಡಿ ಮೊದಲು ಕೇಳುವುದು, "ನವಾಬ್ ಹೆಂಗವ್ನೆ ಅಣ್ಣಾ?" ಎಂದೇ. ಇಳಿದು ಹೋಗಿ ಹೇಳಬಹುದಾಗಿತ್ತು. ಏನೆಂದು ಹೇಳುವುದು? ಸಾಬರಿಗೆ ಕೊಡದ ತುತ್ತನ್ನೆಲ್ಲ ಅವರ ಮೀನಿಗೆ ತುರುಕಿ ಅದನ್ನೂ ಕೊಲ್ಲುತ್ತಿದ್ದೇನೆಂದೇ? ಮಂಡ್ಯದ ಬಸ್ಸು ಬಂತು. ಹತ್ತಿದೆ.

ಅಕ್ವೇರಿಯಂ ಅಂಗಡಿಯಾತ ನನ್ನ ವಯಸ್ಸಿನವನೇ. ಹಾಳೆಯನ್ನು ಕನ್ನಡಕ ಏರಿಸಿ ಓದಿದ. "ಸದರಿ ಮೀನು ದಿನಾಂಕ... ಬೆಳಿಗ್ಗೆಯಿಂದ ಮೇಲ್ಮುಖವಾಗಿ..." ಅರ್ಧಕ್ಕೆ ನಿಲ್ಲಿಸಿದ.

"ಸಾರ್, ಮೀನ್ಗೆ ವಾಸಿ ಮಾಡ್ಬೇಕಾ, ಖಾತೆ ಮಾಡ್ಬೇಕಾ?"

"ವಾಸಿ."

ಬಟ್ಟಲು ಮೊದಲು ಬಿಡಿಸಿ ಎಂದ. ಅಗಲವಾದ ಟಬ್ಬು, ಗೇಣುದ್ದದಷ್ಟೇ ನೀರು, ಮೇಲೆ ಹೋಗಲು ಕೆಳಗೆ ಬರಲು ಅವನಿಗೆ ಹೆಚ್ಚು ದೂರ ಇರಬಾರದು. ನೀರಿನಿಂದ ಹೊರಗಿರುವ ಹೊಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಬೇಕು. ಮೂರು ದಿನ ತುಂಬಿದ ಮೇಲೆ ಒಂದು ಹಸಿ ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು, ಕಿವುಚಿ, ಕಾಲು ಭಾಗ. ಅಷ್ಟೇ.

"ಹಸಿದು ಬಾಯಿ ಬಿಡ್ತಾನೇ ಇರುತ್ತಲ್ಲ," ಎಂದೆ.

"ಅದು ಅಸಿವಲ್ಲ ಸಾರ್, ಅಬ್ಯಾಸ. ಮೀನು ಉಸಿರಾಡದೂ ಬಾಯ್ನಲ್ಲೇ. ನೀವ್ ಬಂದ್ರೆ ಊಟ ಅಂತ ನೀವೇ ಕಲ್ಸಿದ್ದೀರಿ." ಹಾಳೆಯನ್ನು ಮಡಿಸಿ ಕೈಗಿತ್ತ. "ಕೆಲವು ಸರಿ ಓಯ್ತವೆ. ಕೆಲವು ವಾಲ್ಕಂಡೇ ಬದುಕ್ತವೆ. ಕೆಲವು ಇಲ್ಲ. ಮನಸ್ಗೆ ಅಚ್ಕಬೇಡಿ."

ತಡವಾಗಿ ಕೊಟ್ಟ ಸಲಹೆ.

ಬುಧವಾರ. ಅವನು ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿದ್ದ. ಬೆಳಿಗ್ಗೆ ಒಂದು ಪಕ್ಕಕ್ಕೆ ತಿರುಗಿದ್ದ. ಅಂಗಾತಕ್ಕಿಂತ ಅದು ಪ್ರಗತಿ. ಹುಮ್ಮಸ್ಸಿನಿಂದ ಮಳಿಗೆಗೆ ಹೋದೆ. ಬೆಳಕವಾಡಿಯವರದೊಂದು ವಿಭಾಗಪತ್ರವಿತ್ತು, ಮಧ್ಯಾಹ್ನ ಬರಲಾಗಲಿಲ್ಲ. ಸಂಜೆ ಬಾಗಿಲು ತೆರೆದರೆ ಮೀನು ಮತ್ತೆ ಅಂಗಾತ. ಹೊಟ್ಟೆ ಗುಂಡಗೆ. ಟಬ್ಬಿನ ತಳದಲ್ಲಿ ಕಪ್ಪಗೆ ಏನೋ ಚೂರು. ಬೆರಳಿನಿಂದ ಒತ್ತಿ ನೋಡಿದೆ.

ಹಿಟ್ಟು.

ಮನೆ ಗುಡಿಸಲು ಕೀಲಿಕೈ ಜಯಮ್ಮನ ಬಳಿ ಇರುತ್ತದೆ. ಮೆಟ್ಟಿಲಿಳಿದು ಹೋದೆ. ಅವರು ಜಗುಲಿಯಲ್ಲಿ ಮೊರ ಮುಂದಿಟ್ಟುಕೊಂಡು ನೆನೆದ ಅವರೆಕಾಳು ಹಿತುಕುತ್ತಿದ್ದರು. ಹೆಬ್ಬೆರಳಿನ ಒಂದೇ ಒತ್ತು; ಕಾಳು ಮೊರಕ್ಕೆ, ಸಿಪ್ಪೆ ಕೈಯಲ್ಲಿ.

"ಜಯಮ್ಮ, ಮೀನಿಗೆ ಏನಾದರೂ ಹಾಕಿದ್ರಾ?"

"ಊಂ ಕಣಣ್ಣಯ್ಯ. ಕಸ ಗುಡ್ಸಕ್ ಓದ್ರೆ ಅಂಗೇ ಬಾಯ್ ಬುಟ್ಕಂಡು ನನ್ನೇ ನೋಡ್ತಾ ಇತ್ತು. ನೀವೂ ಊಟುಕ್ ಬಂದಿರ್ನಿಲ್ಲ. ಅಸ್ಕಂಡವ್ರ ಮುಂದೆ ಅಂಗೇ ಎದ್ದು ಬರಕಾಯ್ತದಾ? ನಮ್ ಮನೇದೇ ಒಂದ್ ತುತ್ತು ಆಕ್ದೆ."

"ತುತ್ತಾ?"

"ಸಣ್ ತುತ್ತು ಕಣಣ್ಣಯ್ಯ."

"ಉಪವಾಸ ಅಂತ ಹೇಳಿದ್ದೆನಲ್ಲ!" ನನ್ನ ದನಿ ಬೀದಿಗೆ ಕೇಳಿಸಿತು. "ಕೊಟ್ರೆ ಸಾಯ್ತದೆ ಅಂದವ್ರೆ ಡಾಕ್ಟ್ರು! ಸತ್ರೆ ಯಾರ್ ಒಣೆ?"

ಜಯಮ್ಮನ ಕೈ ನಿಂತಿತು. "ನೀವ್ ಪತ್ಯ ಅಂದ್ರಿ. ಉಪಾಸ ಅನ್ನಿಲ್ವಲ್ಲ," ಎಂದರು ಮೆಲ್ಲಗೆ. "ಪತ್ಯ ಅಂದ್ರೆ ಕಾರ ಆಕ್ಬಾರ್ದು ಅಂದ್ಕಂಡೆ. ಸಾರ್ ಆಕ್ದೆ ಬರೀ ಹಿಟ್ಟೇ ಆಕ್ದೆ."

ಅಂಥವರ ಮೇಲೆ ಎಷ್ಟು ಹೊತ್ತು ಕೋಪ ಮಾಡಿಕೊಳ್ಳುವುದು? ಈ ಸೀಮೆಯಲ್ಲಿ "ಉಂಡ್ಯಾ?" ಎನ್ನುವುದು ಪ್ರಶ್ನೆಯಲ್ಲ, ನಮಸ್ಕಾರ. ಹಸಿದ ಬಾಯಿಯ ಮುಂದಿನಿಂದ ಹಾಗೇ ಎದ್ದುಹೋಗುವುದನ್ನು ನಮಗೆ ಯಾರೂ ಕಲಿಸಿಲ್ಲ. ಕಲಿತದ್ದು ನಾನೊಬ್ಬನೇ, ಮಂಡ್ಯದ ಆ ವಾರ್ಡಿನಲ್ಲಿ; ಕಲಿತು ಏನು ಸುಖಪಟ್ಟೆ? ಜಯಮ್ಮ ಒಂದು ಸಲ ಮಾಡಿದ್ದನ್ನು ನಾನು ತಿಂಗಳುಗಟ್ಟಲೆ ಮಾಡಿದ್ದೆ.

ಹಾಗೆಂದು ಹೇಳಿದೆನೇ? ಇಲ್ಲ. ಮಹಡಿ ಹತ್ತಿ ಬಾಗಿಲು ಹಾಕಿಕೊಂಡೆ.

ಎಣಿಕೆ ಮತ್ತೆ ಒಂದರಿಂದ.

ಗುರುವಾರ ಅವನು ಬಾಯಿ ತೆರೆಯುವುದನ್ನೂ ಕಡಿಮೆ ಮಾಡಿದ. ಬಾಯಿ ತೆರೆಯಬೇಡವೆಂದು ನಾನೇ ಬೇಡಿಕೊಂಡಿದ್ದೆ. ಈಗ ತೆರೆಯಲಿ ಎಂದು ಕಾದು ಕುಳಿತೆ. ಶುಕ್ರವಾರ ಮಳಿಗೆಗೆ ಹೋಗಲಿಲ್ಲ. ಗಂಟೆಗೊಮ್ಮೆ ಬೆರಳದ್ದಿ ಹೊಟ್ಟೆಯ ಮೇಲೆ ನೀರು ಬಿಟ್ಟೆ. ಮೀನಿನ ಮುಂದೆ ಕೂತವನಿಗೆ ಎಷ್ಟು ಹೊತ್ತು ಬೇಕಾದರೂ ಯೋಚನೆ ಸಾಗುತ್ತದೆ. ಅದು ಮಧ್ಯೆ ಬಾಯಿ ಹಾಕುವುದಿಲ್ಲ. ಇಪ್ಪತ್ತೆಂಟು ವರ್ಷ ಒಟ್ಟಿಗೆ ಉಂಡೆವು, ನಮ್ಮ ನಡುವೆ ದೊಡ್ಡ ಮಾತೇನೂ ನಡೆದದ್ದಿಲ್ಲ. ಮಳೆ, ಸಾರಿನ ಉಪ್ಪು, ಟೈಪಿನ ರಿಬ್ಬನ್ನು. ಆ ಮಾತುಗಳಲ್ಲಿ ಒಂದೂ ಉಳಿದಿಲ್ಲ. ಉಳಿದಿರುವುದು ಮಾತೇ ಇಲ್ಲದ ಕೊನೆಯ ಐದು ನಿಮಿಷ.

ಮಧ್ಯಾಹ್ನ ಫೋನು ಬಂತು. ನೂರಮ್ಮ.

ಎತ್ತಲಿಲ್ಲ.

ಶನಿವಾರವೂ ಮುಗಿಯಿತು. ಭಾನುವಾರ ಬೆಳಿಗ್ಗೆ ಒಂದು ಬಟಾಣಿ ಬೇಯಿಸಿದೆ. ಒಂದು ಕಾಳಿಗೆ ಎಷ್ಟು ನೀರಿಡಬೇಕೆಂದು ಯಾವ ಗೃಹಿಣಿಯೂ ಹೇಳಲಾರಳು. ನಾನು ಒಂದು ಲೋಟ ಇಟ್ಟೆ. ಸಿಪ್ಪೆ ಸುಲಿಯಲು ಹೋದರೆ ಕಾಳು ಅಪ್ಪಚ್ಚಿಯಾಗಿ ಸಿಪ್ಪೆಗೇ ಅಂಟಿತು. ಇನ್ನೊಂದು ಬೇಯಿಸಿದೆ. ಅದು ಚಿಮ್ಮಿ ಮಂಚದ ಕೆಳಗೆ ಹೋಯಿತು. ಮೂರನೆಯದನ್ನು ಲೋಟದಲ್ಲಿಟ್ಟುಕೊಂಡು ಮೆಟ್ಟಿಲಿಳಿದೆ. ಬುಧವಾರದಿಂದ ನಾವು ಮಾತಾಡಿರಲಿಲ್ಲ.

"ಜಯಮ್ಮ, ಇದನ್ನ ಸ್ವಲ್ಪ ಹಿತುಕಿ ಕೊಡ್ತೀರಾ?"

ಲೋಟದೊಳಗೆ ನೋಡಿದರು. ನನ್ನ ಮುಖ ನೋಡಿದರು. "ಈ ಒಂದ್ ಕಾಳ್ಗೆ ಕೆಳಿಕ್ ಇಳ್ಕಂಡ್ ಬಂದ್ರಾ?"

"ಊಂ."

ಎರಡು ಬೆರಳಿನ ನಡುವೆ ಹಿಡಿದು ಒತ್ತಿದರು. ಹಸಿರು ಬೇಳೆ ಎರಡೂ ಅಂಗೈಗೆ ಬಿದ್ದವು. "ನಡೀರಿ, ನಾನೂ ಬತ್ತೀನಿ. ಏನೂ ಆಕಾಕಿಲ್ಲ, ಸುಮ್ನೆ ನೋಡ್ತೀನಿ."

ಕಿವುಚಿದ ಚೂರನ್ನು ಬೆರಳ ತುದಿಯಲ್ಲಿ ಅವನ ಬಾಯಿಯ ಬಳಿ ಹಿಡಿದೆ. ಪಕ್ಕಕ್ಕೆ ವಾಲಿಕೊಂಡು ಬಂದ. ತೆಗೆದುಕೊಂಡ.

ಉಗಿದ.

ಮತ್ತೆ ಹಿಡಿದೆ. ಮತ್ತೆ ಉಗಿದ. ಹಿಟ್ಟುಂಡ ಬಾಯಿಗೆ ಬಟಾಣಿ ಹಿಡಿಸದಿರುವುದು ಸಹಜ. ಮೂರನೆಯ ಸಲ ಉಗಿದಾಗ ಜಯಮ್ಮ ಟಬ್ಬಿನ ಅಂಚಿಗೆ ಬಗ್ಗಿದರು. "ತಿನ್ಲಾ ಮುಂಡೇದೇ! ಅಣ್ಣಯ್ಯ ನಿಂಗೋಸ್ಕರ ಮೆಟ್ಲ್ ಮ್ಯಾಲ್ ಕೂತ್ಕಂಡ್ ಉಣ್ತಾವ್ರೆ, ನೀನ್ ದಿಮಾಕ್ ಮಾಡೀಯಾ?"

ನಾಲ್ಕನೆಯ ಸಲ ಉಗಿಯಲಿಲ್ಲ. ಬಾಯಿ ಆಡಿಸಿದ. ಗಂಟಲು ಒಮ್ಮೆ ಅಲುಗಿತು.

 ಜಯಮ್ಮ ಸೆರಗಿನಿಂದ ಕೈ ಒರೆಸಿಕೊಂಡು, "ಸಂಜೀಕ್ ಹಿತ್ಕಿದ್ ಬ್ಯಾಳೆ ಸಾರು ಕಳಿಸ್ತೀನಿ, ನಿಮ್ಗೆ," ಎಂದು ಇಳಿದು ಹೋದರು. 'ನಿಮ್ಗೆ' ಎಂಬುದನ್ನು ಒತ್ತಿ ಹೇಳಿದರು.

ಸೋಮವಾರ ಬೆಳಿಗ್ಗೆ ಅವನ ಹಿಂದೆ ಹಸಿರು ದಾರದಂಥ ಮಲ ಜೋತಾಡುತ್ತಿತ್ತು; ಕರುಳು ಬಿಟ್ಟಿತ್ತು. ದೊಡ್ಡ ಆಸ್ಪತ್ರೆಗಳಲ್ಲಿ ಇಂಥ ಸುದ್ದಿಗೆ ನೆಂಟರು ಏಕೆ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆಂದು ಅಂದು ತಿಳಿಯಿತು. ನನಗೆ ತಬ್ಬಿಕೊಳ್ಳಲು ಯಾರೂ ಇರಲಿಲ್ಲ. ಮೆಟ್ಟಿಲ ಮೇಲಿನಿಂದ ಕೂಗಿ ಹೇಳಿದೆ. "ಅಬ್ಬ, ಗೆದ್ದ ಬುಡಿ!" ಎಂದು ಕೆಳಗಿನಿಂದ ಉತ್ತರ ಬಂತು.

ಬುಧವಾರದ ಹೊತ್ತಿಗೆ ನೆಟ್ಟಗಾದ. ಪೂರ್ತಿ ಅಲ್ಲ. ಎಡಕ್ಕೆ ವಾಲು. ಟಪಾಲು ಚೀಲ ಹೆಗಲಿಗೆ ಹಾಕಿಕೊಂಡವರ ಹಾಗೆ. ಮುಂದೆ ಸರಿಹೋಗಬಹುದೇ ಎಂದು ಮಂಡ್ಯದಾತನಿಗೆ ಫೋನು ಮಾಡಿದೆ. "ಅಷ್ಟಿದ್ರೆ ಸಾಕು ಸಾರ್, ನಾವೇನ್ ನೆಟ್ಗೆ ನಡೀತಿದ್ದೀವಾ?" ಎಂದ.

ಶುಕ್ರವಾರ ನಾನೇ ನೂರಮ್ಮನಿಗೆ ಫೋನು ಮಾಡಿದೆ. ಹೋದ ವಾರ ಎತ್ತದಿದ್ದುದಕ್ಕೆ ಕಾರಣ ಹೇಳಿದೆ. ಹಿಟ್ಟು, ಮೂರು ದಿನ, ಮತ್ತೆ ಮೂರು ದಿನ, ಬಟಾಣಿ. ಎಲ್ಲ. ಅವರು ನಡುನಡುವೆ ನಕ್ಕರು. ನಗು ಮುಗಿದಲ್ಲಿ ನಾನು ನಿಲ್ಲಿಸಬೇಕಿತ್ತು.

"ಅಮ್ಮಾ, ಆವತ್ತು ಆಸ್ಪತ್ರೇಲಿ ಸಾಬ್ರು ನನ್ನ ಒಂದು ತುತ್ತು ಕೇಳಿದ್ರು. ಡಬ್ಬಿ ನನ್ನ ಚೀಲದಲ್ಲೇ ಇತ್ತು. ಕೊಡ್ಲಿಲ್ಲ."

 ಆ ಕಡೆ ಎಲ್ಲೋ ಮಕ್ಕಳ ಗಲಾಟೆ ಕೇಳಿಸುತ್ತಿತ್ತು.

"ನನ್ನೂ ಕೇಳಿದ್ರು ಅಣ್ಣಾ," ಎಂದರು ನೂರಮ್ಮ. "ನೀವ್ ಬಂದೋದ್ ಮೇಲೆ, ಸಂಜೆ. ಕೈ ಇಂಗೆ ಮಾಡಿ. 'ಗೌಡ್ರೂ ಕೊಡ್ನಿಲ್ಲ, ನೀನೂ ಕೊಡಲ್ವಾ' ಅನ್ನೋ ಅಂಗೆ ಬಾಗ್ಲ್ ಕಡೆ ತೋರ್ಸಿದ್ರು. ನಾನೂ ಕೊಡ್ಲಿಲ್ಲ." ಮೂಗು ಸೀಟಿದ ಸದ್ದಾಯಿತು. "ಬದುಕ್ಲಿ ಅಂತಾನೇ ಅಲ್ವಾ ಅಣ್ಣಾ ಕೊಡದೇ ಇದ್ದಿದ್ದು, ನಾವಿಬ್ರೂನೂ."

"ಹೌದು," ಎಂದೆ.

"ನೀವ್ ಉಂಡ್ರಾ?"

ಉಂಡಿರಲಿಲ್ಲ. ಉಣ್ಣುತ್ತೇನೆಂದು ಹೇಳಿ ಫೋನು ಇಟ್ಟೆ. ತಟ್ಟೆ ಹಾಕಿಕೊಂಡು, ಮೆಟ್ಟಿಲಿಗೆ ಹೋಗದೆ, ಟಬ್ಬಿನ ಪಕ್ಕದಲ್ಲೇ ಕೂತೆ. ಅವನು ಎಡಕ್ಕೆ ವಾಲಿಕೊಂಡು ಬಂದ. ಬಾಯಿ ತೆರೆದ, ಮುಚ್ಚಿದ. ನಾನು ಉಂಡೆ. ಕೈ ಒಂದೆರಡು ಸಲ ತಟ್ಟೆಯಿಂದ ಎದ್ದು ಮತ್ತೆ ತಟ್ಟೆಗೇ ಇಳಿಯಿತು. ಅಭ್ಯಾಸವೆಂಬುದು ಉಪವಾಸ ಹಿಡಿದವನೊಬ್ಬನಿಗೇ ಇರುವಂಥದ್ದಲ್ಲ.

ಈಗ ಮೀನು ನೀಲಿ ಟಬ್ಬಿನಲ್ಲಿದೆ. ಎಡಕ್ಕೆ ವಾಲಿಕೊಂಡು ಈಜುತ್ತದೆ. ದಿನಕ್ಕೆ ಒಂದು ಹೊತ್ತು ಆಹಾರ, ಭಾನುವಾರ ಅರ್ಧ ಬಟಾಣಿ. ಹಿಟ್ಟು ನಿಲ್ಲಿಸಲಾಗಿದೆ.